ಒಂದೇ ಅಳತೆಯ ತೂತು

ಎಂಟನೆಯ ದಿನ ಬೆಳಿಗ್ಗೆ ಜನಾರ್ದನನಿಗೆ ಎಚ್ಚರವಾದದ್ದು ಪಕ್ಕದ ಮಂಚದ ಹಾಲಪ್ಪ ಚಹಾ ಕುಡಿಯುವ ಸದ್ದಿಗೆ. ಬಸಿಗೆ ಸುರಿದುಕೊಂಡು, ತುಟಿ ಚಾಚಿ, ಗಾಳಿಯ ಸಮೇತ ಒಳಗೆ ಎಳೆದುಕೊಳ್ಳುವ ಸದ್ದು. ಕಣ್ಣು ತೆರೆಯದೆ ಅವನು ಗುಟುಕುಗಳನ್ನು ಎಣಿಸಿದ. ಏಳು. ಏಳು ಗುಟುಕು ಬಿಸಿ ಚಹಾ ಆ ಮನುಷ್ಯನ ಗಂಟಲಿನಿಂದ ಇಳಿದು, ಎಂಟು ದಿನದ ಹಿಂದೆ ಹೊಲಿದ ಜಾಗವನ್ನು ದಾಟಿ, ಏನೂ ಆಗದ ಹಾಗೆ ಮುಂದೆ ಹೋಗಿತ್ತು. ಜನಾರ್ದನನ ಮೂಗಿನಲ್ಲಿ ಕೊಳವೆ ಇತ್ತು. ಒಮ್ಮೆ ತೆಗೆದು ಮತ್ತೆ ಹಾಕಿದ ಕೊಳವೆ. ಎರಡನೆಯ ಸಲ ಹಾಕುವಾಗ ಗಂಟಲು ಗೀರಿ ಹೋದದ್ದು ಇನ್ನೂ ಉರಿಯುತ್ತಿತ್ತು. ಹೊಟ್ಟೆಯ ಬಲಗಡೆಯಿಂದ ಹೊರಟ ಇನ್ನೊಂದು ಕೊಳವೆ ಮಂಚದ ಕಬ್ಬಿಣಕ್ಕೆ ಕಟ್ಟಿದ ಚೀಲಕ್ಕೆ ಇಳಿದಿತ್ತು. ಚೀಲದಲ್ಲಿ ಬಸಳೆ ಬೇಯಿಸಿದ ನೀರಿನಂಥ ಹಸಿರು. ಎರಡು ದಿನದಿಂದ ಅವನು ಏಳುತ್ತಲೇ ನೋಡುತ್ತಿದ್ದದ್ದು ಆ ಹಸಿರನ್ನೇ. ಇಂದು ಮಾತ್ರ ಮೊದಲು ಪಕ್ಕದ ಬಸಿಯನ್ನು ನೋಡಿದ.

"ಎದ್ರೇನ್ರಿ ಸಾವ್ಕಾರ್ರ?" ಎಂದ ಹಾಲಪ್ಪ. "ಇದೇನು ಚಾ ಅಲ್ರಿ, ಸಕ್ರಿ ಪಾಕ. ನೀವು ಏನೂ ಕಳಕೊಂಡಿಲ್ಲ ತಗೋರಿ."

ಸಮಾಧಾನಕ್ಕೆ ಹೇಳಿದ ಮಾತು. ಕೆಟ್ಟ ಮನುಷ್ಯನಲ್ಲ. ಕೆಟ್ಟ ಮನುಷ್ಯನಾಗಿದ್ದರೆ ಸುಲಭವಿತ್ತು ಎಂದು ಜನಾರ್ದನ ಈ ಎಂಟು ದಿನಗಳಲ್ಲಿ ಎಷ್ಟೋ ಸಲ ಅಂದುಕೊಂಡಿದ್ದ. ಹಾವೇರಿ ಡಿಪೋದಲ್ಲಿ ಮೂವತ್ತೈದು ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಈ ಊರಿನ ಬೋಡಕ್‌ದೇವ್ ಬಡಾವಣೆಯಲ್ಲಿ ಕೆಲಸದಲ್ಲಿರುವ ಮಗ ಸುಮುಖನ ಮನೆಗೆ ಬಂದವನು. ಸೂರತ್‌ನಲ್ಲಿರುವ ಮಗಳನ್ನು ನೋಡಲು ಹೆಂಡತಿಯೊಂದಿಗೆ ಹೊರಟು ಮಣಿನಗರ ಸ್ಟೇಷನ್ನಿನ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕುಸಿದವನು. ಅದೇ ಮಧ್ಯಾಹ್ನ, ಅದೇ ಸ್ಟೇಷನ್ನಿನ ಎದುರು ಸಾಲಿನ ತನ್ನ ಹೋಟೆಲಿನ ಕೌಂಟರಿನ ಮೇಲೆ ಜನಾರ್ದನ ಕುಸಿದಿದ್ದ. ಚೂರಿ ಹಾಕಿದಂಥ ನೋವು ಎಂದು ಜನ ಹೇಳುವುದನ್ನು ಕೇಳಿದ್ದ. ಚೂರಿಯಲ್ಲ, ಕುದಿಯುವ ಎಣ್ಣೆ ಒಳಗೇ ಚೆಲ್ಲಿದ ಹಾಗೆ. ಇಬ್ಬರನ್ನೂ ತಂದದ್ದು ಒಂದೇ ಟ್ರಸ್ಟ್ ಆಸ್ಪತ್ರೆಗೆ, ಮಲಗಿಸಿದ್ದು ಒಂದೇ ಟೇಬಲ್ಲಿನ ಮೇಲೆ, ಎರಡು ಗಂಟೆಯ ಅಂತರದಲ್ಲಿ. ಜಠರ ಕರುಳಿಗೆ ಸೇರುವ ಕಡೆ ಇಬ್ಬರ ಹುಣ್ಣೂ ಒಡೆದು ತೂತಾಗಿತ್ತು. ಇಬ್ಬರಿಗೂ ಒಳಗಿನ ಕೊಬ್ಬಿನ ಪೊರೆಯ ಒಂದು ಚೂರನ್ನೇ ತೇಪೆ ಇಟ್ಟು ಹೊಲಿದ ಡಾಕ್ಟರ್ ಮಂಥನ್ ಮರುದಿನ ನಗುತ್ತ ಹೇಳಿದ್ದ: ಎರಡೂ ಐದೈದು ಮಿಲಿಮೀಟರ್, ಅಳತೆ ಹಿಡಿದು ಕೊರೆದ ಹಾಗೆ. ಭಾಷೆ ಒಂದೇ ಎಂದು ಸಿಸ್ಟರ್ ನಳಿನಿಬೆನ್ ಇಬ್ಬರ ಮಂಚವನ್ನೂ ಅಕ್ಕಪಕ್ಕ ಹಾಕಿಸಿದಳು. ವಾರ್ಡಿನವರು ಅವರನ್ನು ಜೋಡಿಯಾ ಎಂದು ಕರೆಯತೊಡಗಿದರು. ಅವಳಿಗಳು. ಒಬ್ಬ ಹಾವೇರಿಯವನು, ಇನ್ನೊಬ್ಬ ಉಡುಪಿಯ ಕಡೆಯವನು; ಒಬ್ಬ ಎಪ್ಪತ್ತರವನು, ಇನ್ನೊಬ್ಬ ಐವತ್ತಾರರವನು; ಒಬ್ಬ ನಲವತ್ತು ವರ್ಷ ಬೀಡಿ ಸೇದಿ ತಂಬಾಕು ತಿಕ್ಕಿದವನು, ಇನ್ನೊಬ್ಬ ಎಲೆಯಡಿಕೆಯನ್ನೂ ಮುಟ್ಟದೆ, ಹೊತ್ತಿಗೆ ಸರಿಯಾಗಿ ಉಂಡು, ಮಂಡಿನೋವಿನ ಒಂದು ಮಾತ್ರೆಯನ್ನಲ್ಲದೆ ಬೇರೇನನ್ನೂ ಹೆಚ್ಚಿಗೆ ನುಂಗದೆ ಬದುಕಿದವನು. ಆ ಮಾತ್ರೆಯೇ ತೂತು ಮಾಡಿದ್ದು ಎಂದು ಮಂಥನ್ ಹೇಳಿದಾಗ ಜನಾರ್ದನನಿಗೆ ಮೊದಲು ಆದದ್ದು ಭಯವಲ್ಲ, ಅವಮಾನ. ಚಟವೂ ಇಲ್ಲದೆ ಚಟದವನ ಕಾಯಿಲೆ.

ಆದರೂ ಮೊದಲ ಎರಡು ದಿನ ಎಲ್ಲವೂ ಸಮವಾಗಿತ್ತು. ಇಬ್ಬರ ಮೂಗಿನಲ್ಲೂ ಕೊಳವೆ, ಇಬ್ಬರ ಬಾಯಿಗೂ ನೀರಿಲ್ಲ, ಇಬ್ಬರ ತುಟಿಗೂ ಒದ್ದೆ ಹತ್ತಿ. ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ನಳಿನಿಬೆನ್ ಎಂದಿನಂತೆ ಕೈಯಲ್ಲಿ ಕಾಗದದ ಹಲಗೆ ಹಿಡಿದು "ಗ್ಯಾಸ್ ಪಾಸ್ ಥಯೋ, ಕಾಕಾ?" ಎಂದು ಕೇಳಿದಾಗ ಹಾಲಪ್ಪ ಬಾಯಿಂದ ಉತ್ತರ ಕೊಡಲಿಲ್ಲ. ಕೊಟ್ಟ ಉತ್ತರ ವಾರ್ಡಿನ ಆ ತುದಿಯವರೆಗೆ ಕೇಳಿಸಿತು. "ಡಿಪೋದಾಗ ಬೆಳಗಿನ ಮೊದಲ ಬಸ್ ಸ್ಟಾರ್ಟ್ ಆತ್ ನೋಡವ್ವ," ಎಂದ, ಕನ್ನಡದಲ್ಲೇ. ಅವನ ಹೆಂಡತಿ ಸುಭದ್ರಾ ಸೆರಗು ಬಾಯಿಗೆ ಒತ್ತಿಕೊಂಡಳು. ಅರ್ಥವಾಗದವರೂ ನಕ್ಕರು, ಕಿಟಕಿಯ ಪಕ್ಕದ ಮುದುಕನೊಬ್ಬ ಚಪ್ಪಾಳೆ ತಟ್ಟಿದ. ಗಿರಿಜಾ ಕೂಡ ನಕ್ಕಳು. ಮದುವೆಯಾದ ಇಪ್ಪತ್ತೇಳು ವರ್ಷಗಳಲ್ಲಿ ಆ ಶಬ್ದದ ಹೆಸರನ್ನೂ ಎತ್ತದ ಮನೆಯ ಹೆಂಗಸು, ಜನಾರ್ದನನ ಹೆಂಡತಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಕರುಳು ಮತ್ತೆ ಓಡಾಡತೊಡಗಿದ ಗುರುತು ಅದು ಎಂದು ಅಂದೇ ಹಾಲಪ್ಪನ ಕೊಳವೆ ತೆಗೆದರು, ಸಂಜೆಗೆ ಹೆಸರುಬೇಳೆಯ ತಿಳಿ ಕೊಟ್ಟರು. ಅದರ ವಾಸನೆ ಜನಾರ್ದನನ ಮಂಚಕ್ಕೆ ಬಂದಿತು. ಅರಿಶಿನ ಹೆಚ್ಚು, ಉಪ್ಪು ತಡವಾಗಿ ಹಾಕಿದ್ದು, ವಾಸನೆಯಲ್ಲೇ ಹೇಳಬಲ್ಲ. ಅವನ ಹೊಟ್ಟೆ ಮಾತ್ರ ಕಲ್ಲಿನ ಹಾಗೆ ಸುಮ್ಮನಿತ್ತು.

ನಾಲ್ಕನೆಯ ದಿನ ಅದೇ ಪ್ರಶ್ನೆ ಅವನ ಕಡೆಗೆ ಬಂದಾಗ ಹಾಲಪ್ಪ ಮಗ್ಗುಲಾಗಿ, ಒಳ್ಳೆಯದನ್ನು ಬಯಸುವ ಕಣ್ಣುಗಳಿಂದ, ಅವನನ್ನೇ ನೋಡುತ್ತಿದ್ದ. ಆ ಒಳ್ಳೆಯ ಕಣ್ಣುಗಳಿಲ್ಲದಿದ್ದರೆ ಇಲ್ಲ ಎನ್ನುತ್ತಿದ್ದನೋ ಏನೋ. ಬಹಳ ಹಿಂದೆ, ಹೋಟೆಲಿನ ಕೆಲಸ ಮುಗಿಸಿ ಸಂಜೆ ಕಾಲೇಜಿಗೆ ಹೋಗುತ್ತಿದ್ದಾಗ, ಅಂಗಿಯಲ್ಲಿ ಈರುಳ್ಳಿ ವಾಸನೆ ಎಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಅವನಿಗೆ ರಾಮಚಂದ್ರ ಎಂಬ ಮೇಷ್ಟರು ಹೇಳಿಕೊಟ್ಟದ್ದು ಒಂದೇ: ಗೊತ್ತಿಲ್ಲದಿದ್ದರೂ ಜಾಗ ಖಾಲಿ ಬಿಡಬೇಡ, ಏನಾದರೂ ಬರೆ, ಖಾಲಿ ಜಾಗಕ್ಕೆ ಯಾರೂ ಅಂಕ ಕೊಡುವುದಿಲ್ಲ. "ಥಯೋ," ಎಂದ. ಆಯಿತು. ತೀರಾ ಸಣ್ಣ ದನಿಯಲ್ಲಿ. ನಾಚಿಕೆಯಿಂದ ಸಣ್ಣದಾಗಿದೆ ಎಂದುಕೊಂಡು ನಳಿನಿಬೆನ್ ನಕ್ಕು, ಅವನ ಭುಜ ತಟ್ಟಿ, ಹಲಗೆಯ ಮೇಲೆ ಬರೆದಳು. ಪೆನ್ನು ಕಾಗದದ ಮೇಲೆ ಓಡಿದ್ದನ್ನು ಅವನು ಕೇಳಿದ. ಏಳಕ್ಕೆ ಮಂಥನ್ ಬಂದು, ಬರೆದದ್ದನ್ನು ಓದಿ, ಕೊಳವೆ ತೆಗೆಯಿರಿ, ಗಂಟೆಗೆ ಎರಡು ಚಮಚ ನೀರು ಎಂದ. "ನೋಡ್ರಿ, ಜೋಡಿ ಮತ್ತ ಕೂಡ್ತು," ಎಂದ ಹಾಲಪ್ಪ. ಆ ಕ್ಷಣದ ಸುಖವನ್ನು ಜನಾರ್ದನ ಈಗಲೂ ಅಲ್ಲಗಳೆಯಲಾರ. ಸುಳ್ಳಿನಿಂದ ಬಂದದ್ದಾದರೂ ಸುಖ ಸುಖವೇ ಆಗಿತ್ತು. ಇಂದು ನಾಳೆಯೊಳಗೆ ನಿಜವಾಗಿಯೂ ಆಗಿಬಿಡುತ್ತದೆ, ಆಗ ಸುಳ್ಳು ತನ್ನಷ್ಟಕ್ಕೆ ನಿಜವಾಗುತ್ತದೆ ಎಂದು ಲೆಕ್ಕ ಹಾಕಿದ್ದ.

ಕಿಟಕಿಯಾಚೆ ಈಗ ವಡೋದರಾ ಕಡೆಯ ಗಾಡಿಯ ಘೋಷಣೆ ಕೇಳಿಸಿತು. ಬೇವಿನ ಕೊಂಬೆಗೆ ಸಂಕ್ರಾಂತಿಯ ಗಾಳಿಪಟವೊಂದು ಸಿಕ್ಕಿಕೊಂಡು ಎಲುಬು ಮಾತ್ರ ಉಳಿದಿತ್ತು. ಈ ಗಾಡಿ ಹೋದ ಮೇಲೆ ಹೋಟೆಲಿನಲ್ಲಿ ಎರಡನೆಯ ಸಾಂಬಾರಿನ ಪಾತ್ರೆ ಇಳಿಯುತ್ತದೆ. ಮೂವತ್ತೊಂದು ವರ್ಷ, ದಿನವೂ ಬೆಳಿಗ್ಗೆ ಐದಕ್ಕೆ, ಬರಿಹೊಟ್ಟೆಯಲ್ಲಿ, ಈಚಿನ ವರ್ಷಗಳಲ್ಲಿ ಮಂಡಿನೋವಿನ ಮಾತ್ರೆ ನುಂಗಿದ ಬೆನ್ನಿಗೇ, ಅವನು ಅಂಗೈ ಒಡ್ಡುತ್ತಿದ್ದ. ಅಡುಗೆಯ ಚಂದ್ರಕಾಂತ ಭಟ್ಟರು ಸೌಟಿನಿಂದ ಒಂದಿಷ್ಟು ಹಾಕುತ್ತಿದ್ದರು. ಅವನು ನೆಕ್ಕಿ, ಕಣ್ಣು ಮುಚ್ಚಿ, ಆಮೇಲೆ 'ಹೂಂ' ಎನ್ನದೆ ಒಂದು ಬಕೆಟ್ಟೂ ಹೊರಗೆ ಹೋಗುತ್ತಿರಲಿಲ್ಲ. ಉಪ್ಪು ನೋಡುವುದು ಎಂದು ಅದರ ಹೆಸರು. ಏಕಾದಶಿಯ ದಿನ ಅವನಿಗೆ ಉಪವಾಸ. ನೀರನ್ನೂ ಕುಡಿಯುತ್ತಿರಲಿಲ್ಲ, ಆದರೆ ಉಪ್ಪು ನೋಡುತ್ತಿದ್ದ. ನೋಡುವುದು ತಿನ್ನುವುದಲ್ಲ. ಅದು ನಾಲಿಗೆಯ ಕೆಲಸ, ಹೊಟ್ಟೆಗೆ ಸಂಬಂಧವಿಲ್ಲ. ಅವನ ತಂದೆಯೂ ಹಾಗೇ ಮಾಡಿದವರು, ತಂದೆಗೆ ಕೆಲಸ ಕಲಿಸಿದವರೂ. ಗಂಟಲಿನಿಂದ ಇಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಆ ಯಾರೂ ಕೇಳಿಕೊಂಡಿರಲಿಲ್ಲ.

ಐದನೆಯ ದಿನ ಗಿರಿಜಾ ಹೋಟೆಲಿನಿಂದ ಸುಭದ್ರಾಳಿಗೆಂದು ಇಡ್ಲಿ ಸಾಂಬಾರ್ ತಂದಿದ್ದಳು. "ಪಾಪ, ಬಂದಾಗಿಂದ ಕ್ಯಾಂಟೀನಿನ ಖಿಚಡಿ ತಿಂದು ತಿಂದು ಸೋತಿದ್ದಾರೆ. ನಿಮ್ಗೆ ಬೇಜಾರಿಲ್ಲ ಅಲ್ವಾ?" ಎಂದು ಗಂಡನನ್ನು ಕೇಳಿದ್ದಳು. ಹಾಲಪ್ಪನಿಗೂ ಅಂದಿನಿಂದ ಮೆತ್ತಗಿನದು ತಿನ್ನಬಹುದು ಎಂದಾಗಿತ್ತು. ಇಡ್ಲಿಯನ್ನು ಸಾಂಬಾರಿನಲ್ಲಿ ಕಿವುಚಿ ಅವನು ತಿಂದ ರೀತಿಯನ್ನು ಜನಾರ್ದನ ನೋಡಲೇಬೇಕಾಯಿತು. ಮಗ್ಗುಲಾದರೆ ಹೊಲಿಗೆ ಎಳೆಯುತ್ತಿತ್ತು. "ಸಾವ್ಕಾರ್ರ," ಎಂದ ಹಾಲಪ್ಪ ಬೆರಳು ನೆಕ್ಕುತ್ತ, "ಮೂವತ್ತೈದು ವರ್ಷ ಎಲ್ಲಾ ಬಸ್ ಸ್ಟ್ಯಾಂಡಿನ ಸಾಂಬಾರ್ ಕುಡದೇನಿ. ಇಂಥಾದ್ದು ಕುಡದಿಲ್ಲ. ಯಾರ್ರಿ ಮಾಡಾವ್ರು?"

"ಹರೀಶ. ಇವರ ಅಣ್ಣನ ಮಗ," ಎಂದಳು ಗಿರಿಜಾ. "ಈಗ ಉಪ್ಪು ನೋಡುದೂ ಅವನೇ. ಗಿರಾಕಿಗಳು ಎರಡೆರಡು ಸಲ ಕೇಳ್ತಾರಂತೆ. ಚಂದ್ರಕಾಂತ ಭಟ್ರು ಸುಮ್ನೆ ಹೇಳುವ ಜನ ಅಲ್ಲ, ಅವರೇ ಹೇಳಿದ್ರು."

ಈಗ. ಆ ಒಂದು ಶಬ್ದ ಅವನೊಳಗೆ ಹೋಗಿ ಕೂತಿತು. ಆಮೇಲೆ ಗಿರಿಜಾ ಔಷಧ ತರಲು ಕೆಳಗೆ ಹೋದಳು. ಹಾಲಪ್ಪ ಸುಭದ್ರಾಳ ಹೆಗಲು ಹಿಡಿದು ಕಾರಿಡಾರಿನಲ್ಲಿ ನಡೆಯಲು ಹೊರಟ. ಹೌದು, ಐದನೆಯ ದಿನಕ್ಕೆ ನಡೆಯುತ್ತಿದ್ದ. ಎರಡು ಮಂಚದ ನಡುವಿನ ಸ್ಟೂಲಿನ ಮೇಲೆ ಸ್ಟೀಲಿನ ಗಿಂಡಿ ಉಳಿಯಿತು, ಮುಚ್ಚಳ ಅರ್ಧ ಸರಿದು. ಜನಾರ್ದನ ತಿನ್ನಬೇಕೆಂದು ಕೈ ಚಾಚಲಿಲ್ಲ. ಹಸಿವೇ ಇರಲಿಲ್ಲ. ಏನೋ ಒಂದು ತಪ್ಪಿರಬೇಕು, ಹುಣಿಸೆ ಹೆಚ್ಚೋ ಇಂಗು ಸುಟ್ಟದ್ದೋ, ಅದನ್ನು ಕಂಡುಹಿಡಿಯಬೇಕು, ಸಂಜೆ ಗಿರಿಜಾಳಿಗೆ 'ಹರೀಶನಿಗೆ ಹೇಳು' ಎಂದು ಹೇಳಬೇಕು. ಅಷ್ಟೇ. ಗಿಂಡಿ ವಾಲಿಸಿ ಅಂಗೈಗೆ ಹಾಕಿಕೊಂಡ. ನೋಡಿದ. ತಪ್ಪು ಸಿಗಲಿಲ್ಲ. ಇನ್ನೊಮ್ಮೆ ನೋಡಿದ. ಬೆಲ್ಲ ಕಡಿಮೆ ಇತ್ತು. ಈ ಊರಿನವರು ಇಷ್ಟು ಬೆಲ್ಲವಿಲ್ಲದೆ ತಿನ್ನುವುದೇ ಇಲ್ಲ ಎಂದು ಮೂವತ್ತೊಂದು ವರ್ಷ ಅವನು ಹಾಕಿಸುತ್ತಿದ್ದದ್ದಕ್ಕಿಂತ ಕಡಿಮೆ. ಮತ್ತು ಅದೇ ಸರಿಯಾಗಿತ್ತು. ಬೇಳೆ, ಹುಳಿ, ಮೆಣಸು ಒಂದೊಂದಾಗಿ ಬೇರೆಬೇರೆ ನಿಂತು ಮಾತಾಡುತ್ತಿದ್ದವು. ಮೂರನೆಯ ಅಂಗೈಯನ್ನೂ ಕುಡಿದ. ಅದು ನೋಡುವುದಾಗಿರಲಿಲ್ಲ.

ಸಂಜೆ ಬಲ ಹೆಗಲಿಗೆ ನೋವು ಏರಿತು. ಮೈ ನಡುಗಿತು. ಅದುವರೆಗೆ ತೆಳುಗೆಂಪಾಗಿದ್ದ ಚೀಲಕ್ಕೆ ಹಸಿರು ಇಳಿಯಿತು. ಹಸಿರು ಎಂದರೆ ತೇಪೆ ಬಿಟ್ಟಿದೆ, ಪಿತ್ತ ಸೋರುತ್ತಿದೆ. ಮತ್ತೆ ಕೊಳವೆ, ಮತ್ತೆ ಬಾಯಿ ಬಂದ್, ಕೊರಳಿನ ರಕ್ತನಾಳದಿಂದ ಬಿಳಿ ಹಾಲಿನಂಥ ಆಹಾರ. ಆರನೆಯ ದಿನ ಮಂಥನ್ ಅವನ ಹೊಟ್ಟೆಯ ಮೇಲೆ ಬಹಳ ಹೊತ್ತು ಸ್ಟೆತಸ್ಕೋಪ್ ಇಟ್ಟು, ಎದ್ದು, ನಳಿನಿಬೆನ್‌ಳನ್ನು ಎಲ್ಲರ ಎದುರಿಗೇ ಕೇಳಿದ: ನಾಲ್ಕನೆಯ ದಿನ ಇವರ ಕರುಳು ಓಡುತ್ತಿತ್ತು ಎಂದು ಬರೆದಿದ್ದೀರಿ. ಕಿವಿ ಇಟ್ಟು ಕೇಳಿದಿರಾ, ಬಾಯಿಮಾತು ಬರೆದಿರಾ? ಇಪ್ಪತ್ತು ವರ್ಷ ಕೆಲಸ ಮಾಡಿದ ಹೆಂಗಸು, ಶಾಲೆಯ ಹುಡುಗಿಯ ಹಾಗೆ ಹಲಗೆಯನ್ನು ಎದೆಗೆ ಅವಚಿಕೊಂಡು ನಿಂತಳು. ಲಿಖಿತ ವಿವರಣೆ ಕೊಡಬೇಕು ಎಂದಾಯಿತು. ವಾರ್ಡಿನಿಂದ ತೆಗೆದು ಹೊರರೋಗಿ ವಿಭಾಗದ ಚೀಟಿ ಬರೆಯುವ ಕಡೆಗೆ ಹಾಕುತ್ತಾರಂತೆ ಎಂದು ಆಯಾಗಳು ಮಾತಾಡಿಕೊಂಡರು. ಜನಾರ್ದನ ಕಣ್ಣು ಮುಚ್ಚಿಕೊಂಡಿದ್ದ. ಜ್ವರವಿತ್ತು, ಜ್ವರದವನನ್ನು ಯಾರೂ ಏನೂ ಕೇಳುವುದಿಲ್ಲ. ಅಂದಿನಿಂದ ಅವಳು ಅವನ ಮಂಚಕ್ಕೆ ಬಂದಾಗಲೆಲ್ಲ ಅವನು ಜ್ವರದ ಮರೆಗೆ ಸರಿಯುತ್ತಿದ್ದ. ಅವಳು ಮಾತ್ರ ಮೊದಲಿನಂತೆಯೇ ಹತ್ತಿ ಒದ್ದೆ ಮಾಡಿ ಅವನ ತುಟಿ ಒರೆಸುತ್ತಿದ್ದಳು.

ಇಂದು ಎಂಟನೆಯ ದಿನ. ನಿನ್ನೆ ಹೊಟ್ಟೆಗೆ ಬಣ್ಣದ ನೀರು ಬಿಟ್ಟು ತೆಗೆದ ಸ್ಕ್ಯಾನ್ ಚಿತ್ರಗಳನ್ನು ನೋಡಿ, ಮತ್ತೆ ತೆರೆಯಬೇಕೋ ಬೇಡವೋ ಎಂದು ಇಂದು ಹೇಳುತ್ತಾರೆ. ತೆರೆದರೆ ಈ ಸಲ ತೇಪೆಯಷ್ಟೇ ಅಲ್ಲ, ದೊಡ್ಡದು. ಸೋರಿದ ಪಿತ್ತದಲ್ಲಿ ನೆನೆದ ಅಂಚು ಒದ್ದೆ ಕಾಗದದ ಹಾಗಿರುತ್ತದೆ, ದಾರ ಹಿಡಿಯುವುದೇ ಕಷ್ಟ, ಜೀವದ ಭರವಸೆಯನ್ನೂ ಕೊಡಲಾಗದು ಎಂದು ಮಂಥನ್ ಗಿರಿಜಾಳಿಗೆ ಬಾಗಿಲ ಬಳಿ ಹೇಳಿದ್ದು ಅವನಿಗೆ ಕೇಳಿಸಿತ್ತು. ಮತ್ತು ಇಂದೇ ಹಾಲಪ್ಪನಿಗೆ ಬಿಡುಗಡೆ. ಸುಭದ್ರಾ ಆಗಲೇ ಚೀಲ ಕಟ್ಟುತ್ತಿದ್ದಳು. ಬಾಚಣಿಗೆ, ಲೋಟ, ತೊಳೆದು ಒಣಗಿಸಿದ ಟವೆಲ್ಲು. ಮನುಷ್ಯ ಸಾಯುವುದಕ್ಕೆ ಹೆದರುವುದು ಸಹಜ; ಆದರೆ ತಾನು ಹೆದರುತ್ತಿರುವುದು ಸಾಯುವುದಕ್ಕಲ್ಲ, ಈ ಮನುಷ್ಯ ಲಿಫ್ಟಿನ ಕಡೆ ನಡೆದು ಹೋಗುವುದನ್ನು ಮಲಗಿ ನೋಡುವುದಕ್ಕೆ ಎಂಬುದು ತಿಳಿದಾಗ ಜನಾರ್ದನ ತನ್ನನ್ನು ತಾನೇ ಹೊಸದಾಗಿ ನೋಡಿದ. ಒಂದೇ ಅಳತೆಯ ತೂತು. ಅವನ ಕೊಬ್ಬಿನ ಪೊರೆ ಅಂಟಿಕೊಂಡಿತು, ತನ್ನದು ಅಂಟಲಿಲ್ಲ. ಅಲ್ಲಿಯೂ ಏನೋ ಇದೆಯೇ, ಒಳಗಿನ ಆ ಹಳದಿ ಪೊರೆಗೂ ಮನುಷ್ಯ ಎಂಥವನು ಎಂದು ಗೊತ್ತಾಗುತ್ತದೆಯೇ?

ಮಂಥನ್ ಒಂಬತ್ತಕ್ಕೆ ಬಂದ. ಹಿಂದೆ ಮೇಟ್ರನ್. ಅವಳ ಹಿಂದೆ, ಎರಡು ಹೆಜ್ಜೆ ಬಿಟ್ಟು, ನಳಿನಿಬೆನ್, ಕೈಯಲ್ಲಿ ಮಡಿಸಿದ ಕಾಗದ. ಮೇಟ್ರನ್ ಅದನ್ನು ಅಲ್ಲೇ ತೆಗೆದುಕೊಂಡು ಬಿಡಿಸಿ ಗಟ್ಟಿಯಾಗಿ ಓದತೊಡಗಿದಳು. ರೋಗಿ ಹೇಳಿದ್ದನ್ನು ನಂಬಿ ಬರೆದೆ, ಪರೀಕ್ಷಿಸಲಿಲ್ಲ, ತಪ್ಪು ನನ್ನದು. ಎರಡೇ ಸಾಲು. ನಳಿನಿಬೆನ್ ತಪ್ಪನ್ನು ರೋಗಿಯ ಮೇಲೆ ಹಾಕಿರಲಿಲ್ಲ. ಜನಾರ್ದನ ಕಣ್ಣು ಮುಚ್ಚಬೇಕೆನ್ನುವಷ್ಟರಲ್ಲಿ ಪಕ್ಕದ ಮಂಚ ಕಿರುಗುಟ್ಟಿತು. ಹಾಲಪ್ಪ ಎದ್ದು ನಿಂತಿದ್ದ, ಹೊಟ್ಟೆಗೆ ಕಟ್ಟಿದ ಪಟ್ಟಿಯ ಮೇಲೆ ಒಂದು ಕೈ ಇಟ್ಟುಕೊಂಡು.

"ಸಾಬ್," ಎಂದ ತನ್ನ ಹಿಂದಿಯಲ್ಲಿ, "ಸಿಸ್ಟರ್ ಕಾ ಗಲತಿ ನಹೀ. ಮೈ ದಿಯಾ. ಮೇರಾ ಮೂಂಗ್ ಕಾ ಪಾನಿ. ಏಕ್ ಲೋಟಾ ಪಿಲಾಯಾ ಇನ್ಕೋ. ಸಿಸ್ಟರ್ ಕೋ ಮಾಲೂಮ್ ನಹೀ."

ತನ್ನ ಹೆಸರುಬೇಳೆಯ ತಿಳಿಯನ್ನು ತಾನೇ ಕುಡಿಸಿದೆ ಎನ್ನುತ್ತಿದ್ದ ಅವನತ್ತ ಎಲ್ಲರೂ ತಿರುಗಿದರು. ಸುಭದ್ರಾ ಟವೆಲ್ಲು ಹಿಡಿದಂತೆಯೇ ಗಂಡನನ್ನು ನೋಡಿದಳು. ಅವನು ಹಾಗೆ ಮಾಡಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೂ ಟವೆಲ್ಲನ್ನು ಮಡಿಸಿ ಚೀಲಕ್ಕೆ ಹಾಕಿದಳು. ನಳಿನಿಬೆನ್‌ಳ ಮುಖದಲ್ಲಿ ಮೂರು ದಿನದಿಂದ ಇಲ್ಲದ ಏನೋ ಒಂದು ಮರಳಿ ಬಂತು. ಗಿರಿಜಾ, ಬಾಗಿಲ ಬಳಿ ನಿಂತವಳು, ಆ ಮುದುಕನನ್ನು ನೋಡಿದ ನೋಟದಲ್ಲಿ ಕೋಪವೂ ಇತ್ತು, ಮತ್ತೆ ಅದರ ಹಿಂದೆಯೇ ಗೌರವವೂ. ತನ್ನನ್ನು ಅವಳು ಯಾವತ್ತಾದರೂ ಹಾಗೆ ನೋಡಿದ್ದಳೇ? ಜನಾರ್ದನನಿಗೆ ಮೈಯೆಲ್ಲ ಉರಿಯಿತು. ಚಹಾ ಕುಡಿದ, ಇಡ್ಲಿ ತಿಂದ, ನಡೆದ, ನಗಿಸಿದ, ಈಗ ಮನೆಗೂ ಹೋಗುತ್ತಿದ್ದಾನೆ. ಹೋಗುವ ಮುಂಚೆ ಇದನ್ನೂ ಎತ್ತಿಕೊಂಡು ಹೋಗುತ್ತಿದ್ದಾನೆ. ಇಡೀ ವಾರ್ಡಿನಲ್ಲಿ ತನ್ನದು ಎಂದು ಉಳಿದಿದ್ದ ಒಂದೇ ಒಂದು ವಸ್ತುವನ್ನು, ಈ ತಪ್ಪನ್ನು.

"ಖೋಟುಂ ಬೋಲೇ ಛೇ," ಎಂದ. ಸುಳ್ಳು ಹೇಳುತ್ತಿದ್ದಾನೆ. ಕೊಳವೆಯ ಪಕ್ಕದಿಂದ ಬಂದ ದನಿ ಅವನಿಗೇ ಪರಕೀಯವಾಗಿ, ಗಿರಾಕಿಯನ್ನು ಕಳ್ಳನೆಂದು ಹಿಡಿದವನ ದನಿಯಂತೆ ಕೇಳಿಸಿತು. "ಅವರು ಏನೂ ಕೊಟ್ಟಿಲ್ಲ. ನಾನೇ ಕುಡಿದದ್ದು. ಸಾಂಬಾರ್. ಗಿಂಡಿಯಿಂದ. ಮತ್ತೆ ಗ್ಯಾಸ್ ಆಗಿರಲಿಲ್ಲ. ಆವತ್ತೂ ಆಗಿರಲಿಲ್ಲ. ಆಯಿತು ಎಂದು ನಾನು ಹೇಳಿದ್ದು."

ಮಂಥನ್, ಪಾಠ ಒಪ್ಪಿಸುವವನನ್ನು ಕೇಳುವ ಹಾಗೆ, ಎಷ್ಟು ಎಂದು ಕೇಳಿದ.

"ಮೂರು ಅಂಗೈ."

ಅದು ಯಾವ ಅಳತೆ ಎಂದು ಮಂಥನ್‌ಗೆ ತಿಳಿಯಲಿಲ್ಲ. ನಳಿನಿಬೆನ್ ತನ್ನ ಅಂಗೈಯನ್ನು ಗುಳಿ ಮಾಡಿ, ಅದನ್ನು ನೋಡಿ, "ಪಂದರ್ ಎಂಎಲ್, ಸರ್. ಮೂರು ಸಲ ಅಂದರೆ ಒಟ್ಟು ನಲವತ್ತೈದು," ಎಂದಳು. ಅವನ ಕಡೆ ನೋಡಲಿಲ್ಲ. ಅಷ್ಟರಿಂದ ತೇಪೆ ಬಿಟ್ಟಿತೇ ಎಂದು ಗಿರಿಜಾ ಕೇಳಿದಳು. ಮಂಥನ್ ಹೆಗಲು ಹಾರಿಸಿದ. ಬಿಡುವುದಿದ್ದರೆ ಅದಕ್ಕೂ ಮೊದಲೇ ಬಿಟ್ಟಿರಬಹುದು, ಅದರಿಂದಲೇ ಬಿಟ್ಟಿರಬಹುದು, ಕೊಳವೆ ಬೇಗ ತೆಗೆದದ್ದರಿಂದ ಇರಬಹುದು, ಯಾರೂ ಹೇಳಲಾರರು. ಚಿತ್ರದಲ್ಲಿ ಸೋರಿಕೆ ಸಣ್ಣದಿದೆ, ಹೊಟ್ಟೆಯಲ್ಲಿ ಹರಡದೆ ಕೊಳವೆಯಿಂದಲೇ ಹೊರಗೆ ಬರುತ್ತಿದೆ. ಎರಡು ದಿನ ಕಾಯುತ್ತೇನೆ. ಜ್ವರ ಇಳಿದು, ಚೀಲ ತುಂಬುವುದು ಕಡಿಮೆಯಾಗಿ, ಕರುಳು ಓಡತೊಡಗಿದರೆ ತೆರೆಯುವುದಿಲ್ಲ. ಇಲ್ಲದಿದ್ದರೆ ಮೂರನೆಯ ದಿನ ಬೆಳಿಗ್ಗೆ ಟೇಬಲ್ಲಿಗೆ. ಇನ್ನು ಮುಂದೆ ಇವರ ಮಾತನ್ನು ಬರೆಯಬೇಡಿ, ಎಂದು ಮೇಟ್ರನ್‌ಗೆ ಹೇಳಿ ಮುಂದಿನ ಮಂಚಕ್ಕೆ ಹೋದ. ಮೇಟ್ರನ್ ಆ ಎರಡು ಸಾಲಿನ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು; ಹರಿಯಲಿಲ್ಲ. ಮನಸ್ಸು ಹಗುರಾಗುತ್ತದೆ ಎಂದು ಜನಾರ್ದನ ಕಾದ. ಆಗಲಿಲ್ಲ. ಹೇಳಿದ್ದು ನಿಜ. ಆದರೆ ಯಾಕೆ ಹೇಳಿದ ಎನ್ನುವುದು ಅವನಿಗೆ ಗೊತ್ತಿತ್ತು, ಅದು ಒಳ್ಳೆಯತನವಾಗಿರಲಿಲ್ಲ.

ಹನ್ನೊಂದಕ್ಕೆ ಸುಮುಖ ಕಾರು ತಂದ. ಹಾಲಪ್ಪ ಅಂಗಿ ತೊಟ್ಟು ತಲೆ ಬಾಚಿಕೊಂಡು, ಬಸ್ಸಿನ ಬಾಗಿಲಲ್ಲಿ ನಿಂತವನ ಹಾಗೆ ಜನಾರ್ದನನ ಮಂಚದ ಸರಳು ಹಿಡಿದು ನಿಂತ. "ಸಾವ್ಕಾರ್ರ, ನನ್ನ ಸುಳ್ಳ ಮಾಡಿದ್ರಲ್ರಿ ಎಲ್ಲಾರ ಮುಂದ," ಎಂದ. ಕೋಪವಿರಲಿಲ್ಲ. "ಕಂಡಕ್ಟರ್ ಇದ್ದಾಗ ಟಿಕೆಟ್ ಇಲ್ದವ್ರನ್ನ ಎಷ್ಟ್ ಮಂದಿನ್ನ ಹಿಂಗ ದಾಟಿಸೇನಿ. ಒಬ್ಬರೂ ಎದ್ದು ನಿಂತು, ನನ್ನ ಕಡೆ ಟಿಕೆಟ್ ಇಲ್ಲ ಅಂತ ಅಂದಿದ್ದಿಲ್ಲ." ನಕ್ಕ. ನಗುವಾಗ ಹೊಟ್ಟೆ ಹಿಡಿದುಕೊಂಡ. ಅವನಿಗೂ ಇನ್ನೂ ನೋಯುತ್ತದೆ ಎಂದು ಜನಾರ್ದನನಿಗೆ ಅಂದೇ ಹೊಳೆದದ್ದು. "ಆರಾಮ ಆಗ್ರಿ. ಊರಿಗೆ ಹೋಗೂದ್ರಾಗ ನಿಮ್ಮ ಹೋಟೆಲಿಗೆ ಬರ್ತೇನಿ. ನೀವ ಉಪ್ಪು ನೋಡಿ ಬಡಸಬೇಕ ಮತ್ತ." ಜನಾರ್ದನ ತಲೆ ಆಡಿಸಿದ. ಲಿಫ್ಟಿನ ಕಡೆ ಹೋದ ಹೆಜ್ಜೆಗಳು ನಿಧಾನವಾಗಿದ್ದವು, ಒಂದು ಕಾಲು ಎಳೆಯುತ್ತಿತ್ತು. ಅದನ್ನೂ ಗಮನಿಸಿದ. ಗಮನಿಸಿ, ಒಂದು ಚೂರು ಸಂತೋಷವಾದದ್ದನ್ನೂ ಗಮನಿಸಿದ.

ಆಯಾ ಬಂದು ಪಕ್ಕದ ಹಾಸಿಗೆಯ ಚಾದರ ಎಳೆದು ರೆಕ್ಸಿನ್ನನ್ನು ಫಿನಾಯಿಲಿನಲ್ಲಿ ಒರೆಸಿದಳು. ಗಿರಿಜಾ ಸ್ಟೂಲಿನ ಮೇಲೆ ಕೂತಿದ್ದಳು, ಗಿಂಡಿ ಇದ್ದ ಅದೇ ಸ್ಟೂಲು. ಬೈಯುತ್ತಾಳೆ, ಅಳುತ್ತಾಳೆ ಎಂದು ಜನಾರ್ದನ ಕಾದ. ಒಂದು ಗಾಡಿ ಬಂದು ನಿಂತು ಹೊರಟುಹೋಯಿತು. ಕೊನೆಗೆ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿದಳು:

"ಉಪ್ಪು ಸರಿ ಇತ್ತಾ?"

ಅವನು ಚಾವಣಿ ನೋಡಿದ. ಡಾಕ್ಟರಿಗೆ ಹೇಳಿದ್ದು ಇಷ್ಟು ಕಷ್ಟವಾಗಿರಲಿಲ್ಲ.

"ಸರಿ ಇತ್ತು," ಎಂದ. "ಬೆಲ್ಲ ನಾನು ಜಾಸ್ತಿ ಹಾಕಿಸ್ತಾ ಇದ್ದೆ."

"ಹರೀಶನಿಗೆ ಎಂತ ಹೇಳ್ಲಿ? ದಿನಾ ಕೇಳ್ತಾನೆ, ಚಿಕ್ಕಪ್ಪ ಎಂತಾದ್ರೂ ಹೇಳಿದ್ರಾ ಅಂತ."

"ಎಂತದೂ ಹೇಳ್ಬೇಡ." ಅದು ಒರಟಾಯಿತು ಎಂದು ಅವನಿಗೇ ಅನಿಸಿತು. "ಇನ್ನು ಉಪ್ಪು ಅವನೇ ನೋಡ್ಲಿ ಅಂತ ಹೇಳು," ಎಂದ. ಗಿರಿಜಾ ತಲೆ ಎತ್ತಿ ಗಂಡನನ್ನು ನೋಡಿದಳು. ಹಾಲಪ್ಪನನ್ನು ನೋಡಿದ ನೋಟ ಅದಲ್ಲ. ಯಾವುದು ಎಂದು ತಿಳಿಯುವುದರೊಳಗೆ ಎದ್ದು ಕಿಟಕಿಯ ಪರದೆ ಎಳೆದಳು.

ಎರಡು ದಿನ ಆ ಮಂಚ ಖಾಲಿಯೇ ಇತ್ತು. ಅದನ್ನು ನೋಡದಿರಲು ಅವನು ಚೀಲವನ್ನು ನೋಡುತ್ತಿದ್ದ. ಮೊದಲ ದಿನ ಇನ್ನೂರರ ಗೆರೆ, ಮರುದಿನ ನೂರಿಪ್ಪತ್ತು. ಜ್ವರ ಒಮ್ಮೆ ಇಳಿದು ಮತ್ತೆ ಅರ್ಧ ಏರಿತು. ನಳಿನಿಬೆನ್ ಆ ಎರಡು ದಿನವೂ ವಾರ್ಡಿನಲ್ಲಿ ಇರಲಿಲ್ಲ. ಅವಳು ಎಲ್ಲಿ ಎಂದು ಹೊಸದಾಗಿ ಬಂದ ಸಿಸ್ಟರನ್ನು ಕೇಳುವ ಧೈರ್ಯವಾಗಲಿಲ್ಲ. ಆಕೆ ಅವನನ್ನು ಏನನ್ನೂ ಕೇಳದೆ ಸ್ಟೆತಸ್ಕೋಪ್ ಇಟ್ಟು, ಕೇಳಿ, ತಲೆಯಾಡಿಸಿ, ಬರೆದು ಹೋಗುತ್ತಿದ್ದಳು. ಕೇಳದೆ ಹೋಗುತ್ತಾರೆ ಎನ್ನುವುದು ಅವನಿಗೆ ತಕ್ಕ ಶಿಕ್ಷೆ ಎಂದುಕೊಂಡ. ಅಂದುಕೊಂಡಷ್ಟಕ್ಕೇ ಶಿಕ್ಷೆ ಮುಗಿಯುವುದಿಲ್ಲ ಎಂದೂ ಅಂದುಕೊಂಡ.

ಮಂಥನ್ ಹೇಳಿದ ಮೂರನೆಯ ದಿನ, ಬೆಳಗು ಹರಿದ ಮೇಲೆ, ಮೊದಲ ಗಾಡಿಯ ಘೋಷಣೆಯ ಹೊತ್ತಿಗೆ, ಹೊಟ್ಟೆಯ ತೀರಾ ಕೆಳಗೆಲ್ಲೋ ಒಂದು ಹೊರಳಿದಂತಾಯಿತು. ನೋವಲ್ಲ. ಮುಚ್ಚಿದ ಪಾತ್ರೆಯಲ್ಲಿ ಮೊದಲ ಗುಳ್ಳೆ ಏಳುವ ಹಾಗೆ. ಅವನು ಉಸಿರು ಹಿಡಿದ. ಸದ್ದಿಲ್ಲದೆ, ಹಾಸಿಗೆಗೂ ತಿಳಿಯದ ಹಾಗೆ, ಇಷ್ಟೇ ಇಷ್ಟು ಗಾಳಿ ಅವನನ್ನು ಬಿಟ್ಟು ಹೋಯಿತು. ಹೋಯಿತೇ? ಹೋದದ್ದೇ, ಅಥವಾ ಹೋಗಬೇಕೆಂದು ಅಂದುಕೊಂಡದ್ದೇ? ಚಪ್ಪಾಳೆ ತಟ್ಟಿದ್ದ ಮುದುಕ ಮುಸುಕೆಳೆದು ಮಲಗಿದ್ದ. ಪಕ್ಕದಲ್ಲಿ ಬರಿಯ ರೆಕ್ಸಿನ್ನು. ಹಾಲಪ್ಪ ಇದ್ದಿದ್ದರೆ ಎಂದು ಅನಿಸಿ, ಹಾಗನಿಸಿದ್ದಕ್ಕೆ ಆಶ್ಚರ್ಯಪಟ್ಟ.

ಬಾಗಿಲಲ್ಲಿ ಚಪ್ಪಲಿಯ ಸದ್ದು. ನಳಿನಿಬೆನ್. ರಜೆಯಲ್ಲಿದ್ದಳೋ, ಹೊರಗೆ ಹಾಕಿ ಮತ್ತೆ ಕರೆಸಿದರೋ, ಚೀಟಿಯ ಕೆಲಸಕ್ಕೆ ಹೋಗುವ ಮುಂಚಿನ ಕೊನೆಯ ದಿನವೋ, ಮುಖದಲ್ಲಿ ಯಾವುದೂ ಬರೆದಿರಲಿಲ್ಲ. ಚೀಲದ ಗೆರೆ ನೋಡಿದಳು. ಕಾಗದದ ಹಲಗೆಯನ್ನು ಎತ್ತಿಕೊಂಡಳು. ಪೆನ್ನಿನ ಮುಚ್ಚಳ ತೆಗೆದಳು. ಹೊಸಬಳು ಕೇಳದ ಪ್ರಶ್ನೆಯನ್ನು ಅವಳೂ ಕೇಳುವುದಿಲ್ಲ ಎಂದು ಅವನು ಕಾಯುತ್ತಿರುವಾಗ, ಹಳೆಯ ದನಿಯಲ್ಲಿಯೇ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಕೇಳಿದಳು.

"ಗ್ಯಾಸ್ ಪಾಸ್ ಥಯೋ, ಕಾಕಾ?"

"ಥಯೋ," ಎಂದ ಜನಾರ್ದನ. ಆವತ್ತು ಹೇಳಿದ ದನಿಯೇ ಬಂದಿತು, ಅಷ್ಟೇ ಸಣ್ಣದು. ನಿಜಕ್ಕೆ ಬೇರೆ ದನಿ ಅವನಲ್ಲಿರಲಿಲ್ಲ.

ಪೆನ್ನು ಕಾಗದದ ಮೇಲೆ ಇಳಿಯಲಿಲ್ಲ. ಅವಳು ಮುಚ್ಚಳ ಹಾಕಿ ಪೆನ್ನನ್ನು ಜೇಬಿಗಿಟ್ಟಳು. ಹಲಗೆಯನ್ನು ಖಾಲಿ ಮಂಚದ ಮೇಲೆ ಇಟ್ಟಳು. ಕೊರಳಿನಿಂದ ಸ್ಟೆತಸ್ಕೋಪ್ ತೆಗೆದು, ಅದರ ತಟ್ಟೆಯನ್ನು ತನ್ನ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿ, ಅವನ ಹೊಲಿಗೆಯ ಎಡಗಡೆಗೆ ಇಟ್ಟು, ಬಾಗಿದಳು. ಬಲಗಡೆಗೆ ಸರಿಸಿದಳು. ಕೆಳಗೆ. ಮತ್ತೆ ಎಡಕ್ಕೆ. ಸ್ಟೇಷನ್ನಿನ ಘೋಷಣೆ ಶುರುವಾದಾಗ ಕೈ ಎತ್ತಿ, ಅದು ಮುಗಿಯುವವರೆಗೆ ಕಾದು, ಮೊದಲಿನಿಂದ ಕೇಳತೊಡಗಿದಳು. ಅವನ ಹೊಟ್ಟೆ ಏನು ಹೇಳುತ್ತಿದೆ ಎನ್ನುವುದು ಅವನಿಗಲ್ಲ, ಅವಳಿಗೆ ಮಾತ್ರ ಕೇಳಿಸುತ್ತಿತ್ತು, ಅಥವಾ ಕೇಳಿಸುತ್ತಿರಲಿಲ್ಲ. ಮೂವತ್ತೊಂದು ವರ್ಷ ಸೌಟು ಹಿಡಿದು ನಿಂತ ಭಟ್ಟರು ತನ್ನ ಮುಖವನ್ನು ನೋಡುತ್ತಿದ್ದ ಹಾಗೆ, ಅವನು ಅವಳ ಮುಚ್ಚಿದ ಕಣ್ಣುಗಳನ್ನು ನೋಡುತ್ತ ಮಲಗಿದ.